ವಾಪಸ್ ಗಂಟೆ

ಬೆಳಿಗ್ಗೆ ಎಂಟೂಕಾಲಿಗೆ ಕಂಪ್ಯೂಟರ್ ಹಾಕಿದರೆ
ನೂರಾ ಹದಿನಾರು ಎದೆಗಳು
ರಾತ್ರಿಯ ಲೆಕ್ಕ ಒಪ್ಪಿಸಿ ಕೂತಿರುತ್ತವೆ.
ಬಂಗಾರಪೇಟೆಯವು ಒಂಬತ್ತು, ಶ್ರೀನಿವಾಸಪುರದ್ದೊಂದು,
ಮುಳಬಾಗಿಲಿನ ನಿವೃತ್ತ ಹೆಡ್‌ಮೇಷ್ಟ್ರದೊಂದು,
ಎರಡು ಗಂಟೆ ರಾತ್ರಿಯಲ್ಲಿ ಸುಮ್ಮಸುಮ್ಮನೆ ಓಡಿ
ತಾನೇ ನಾಚಿ ನಿಂತದ್ದು.

ಹಸಿರಿದ್ದವರನ್ನು ನಾನು ನೋಡುವುದಿಲ್ಲ.
ಹಸಿರೆಂದರೆ ಇದ್ದಾರೆ.
ಹಳದಿಗೆ ಒಂದು ಫೋನು, ಕೆಂಪಿಗೆ ಡಾಕ್ಟರು.
ಬೂದು ಬಣ್ಣಕ್ಕೆ ಮಾತ್ರ
ಹತ್ತು ದಿನ ಕಾಯಿರಿ ಎಂದಿದೆ.

ದೈವಸಹಾಯಂ, ಎಪ್ಪತ್ತೊಂದು,
ಚಾಂಪಿಯನ್ ರೀಫ್, ಕೆಜಿಎಫ್.
ಎಡಹೆಗಲ ಕೆಳಗೆ ಬೆಂಕಿಪೊಟ್ಟಣದಷ್ಟು ಯಂತ್ರ,
ಬ್ಯಾಟರಿ ಇನ್ನೂ ಏಳು ವರ್ಷ.
ಹನ್ನೊಂದು ದಿನದಿಂದ ಬೂದು.

ನಾಲ್ಕನೇ ಸಲಕ್ಕೆ ಫೋನೆತ್ತಿದರು.
ಹಿಂದೆ ಕುಕ್ಕರಿನ ಸೀಟಿ, ಯಾರಿಗೋ ತಮಿಳಿನಲ್ಲಿ ಬೈಗುಳ.
'ಮಂಚದ ಪಕ್ಕದ ಪೆಟ್ಟಿಗೆ ಉರೀತಿದೆಯಾ ಸಾರ್?'
'ಇಲ್ಲಮ್ಮಾ, ಸೊಸೆ ಮಿಕ್ಸಿಗೆ ಪ್ಲಗ್ ತಗೊಂಡ್ಳು.'
'ಹನ್ನೊಂದು ದಿನದಿಂದ ಮಿಕ್ಸಿನಾ?'
ಆ ಕಡೆ ಒಂದು ನಗು, ಕೆಮ್ಮಿನೊಳಗೆ ಅಡಗಿಸಿದ್ದು.
'ನಾನೇ ಕಿತ್ತೆ.'

ಆಮೇಲೆ ಹೇಳಿದರು, ನಾನು ಕೇಳದಿದ್ದರೂ.
ಇಪ್ಪತ್ತಮೂರು ವರ್ಷ ವೈಂಡರ್ ಡ್ರೈವರ್.
ಮೇಲೆ ಕುರ್ಚಿ, ಕೈಯಲ್ಲಿ ಲಿವರು,
ಹಗ್ಗದ ಆ ತುದಿಗೆ ಕೇಜು, ಕೇಜಿನಲ್ಲಿ ಜನ.
ಒಬ್ಬನ ಮುಖವೂ ಕಾಣದು. ಗಂಟೆ, ಅಷ್ಟೇ.
ನಿಂತಿರುವಾಗ ಒಂದು ಹೊಡೆದರೆ ಎತ್ತು.
ಓಡುವಾಗ ಒಂದು ಹೊಡೆದರೆ ನಿಲ್ಲಿಸು.
ಎರಡಕ್ಕೆ ಇಳಿಸು.
ಮೂರು ಅಂದರೆ, ಇಲ್ಲಿ ದನಿ ಕೊಂಚ ತಗ್ಗಿತು,
ಅದಿರಲ್ಲ, ಮನುಷ್ಯರು.

'ಕೆಳಗಿಂದ ಮೂರು ಬಂದ್ರೆ ಮೇಲಿಂದ ಮೂರು ಹೋಗ್ಬೇಕಮ್ಮಾ.
ವಾಪಸ್ ಗಂಟೆ ಕೇಳೋ ತನಕ
ಒಬ್ಬನೂ ಕೇಜಿಗೆ ಕಾಲಿಡೋನಲ್ಲ.
ನಿಮ್ಮ ಪೆಟ್ಟಿಗೇಲಿ ಎರಡು ವರ್ಷದಿಂದ ಹೊಡೀತಾನೇ ಇದೀನಿ.
ಮೇಲೆ ಯಾರಾದ್ರೂ ಇದಾರಾ ನೋಡೋಣ ಅಂತ ಕಿತ್ತೆ.
ಹನ್ನೊಂದು ದಿನ.'
ಸಿಟ್ಟಿರಲಿಲ್ಲ ಮಾತಲ್ಲಿ.
ಇಷ್ಟು ಅಡಿ ಆಳ ಎಂದು ಅಳೆದು ಹೇಳಿದಂತಿತ್ತು.

ನನ್ನ ಬಳಿ ಉತ್ತರವಿತ್ತು, ಅಚ್ಚಾದದ್ದು, ಗೋಡೆಗೆ ಅಂಟಿಸಿದ್ದು:
ಇದು ತುರ್ತು ಸೇವೆಯಲ್ಲ,
ಎದೆನೋವಾದಲ್ಲಿ ಹತ್ತಿರದ ಆಸ್ಪತ್ರೆಗೆ ಧಾವಿಸಿ.
ಓದಲಿಲ್ಲ.
ಪ್ಲಗ್ ಹಾಕಿ ಸಾರ್ ಅಂದೆ. ಹಾಕಿದರು.

ಹನ್ನೊಂದು ರಾತ್ರಿಗಳು ಒಟ್ಟಿಗೇ ಪರದೆಗೆ ಹತ್ತಿ ಬಂದವು,
ಶಿಫ್ಟ್ ಬಿಟ್ಟವರ ಹಾಗೆ, ಒಂದನ್ನೊಂದು ನೂಕುತ್ತ.
ನೂರಕ್ಕೆ ಅರವತ್ತೆರಡು ಬಡಿತ ಯಂತ್ರದ್ದು,
ಉಳಿದದ್ದು ಅವರದ್ದೇ ದುಡಿಮೆ.
ಆರನೆಯ ರಾತ್ರಿ, ಮೂರೂ ನಲವತ್ತಕ್ಕೆ,
ಹದಿನಾಲ್ಕು ಸೆಕೆಂಡು
ಗುಂಡಿಗೆಯ ಕೆಳಕೋಣೆ ಯಾರ ಮಾತೂ ಕೇಳದೆ ಧಡಧಡಿಸಿತ್ತು.
ಹಳದಿ. ಅವತ್ತೇ ನನಗೆ ಬರಬೇಕಿದ್ದ ಹಳದಿ.
'ಹೋದ ಗುರುವಾರ ರಾತ್ರಿ ಏನಾದರೂ ಆಯ್ತಾ?'
ತುಂಬ ಹೊತ್ತು ಯೋಚಿಸಿ ಅಂದರು,
'ಅವತ್ತು ಮೀನು ಮಾಡಿದ್ರು.'

ಮಾತ್ರೆ ಬದಲಾಯಿತು.
ಕಡತದಲ್ಲಿ ಬರೆದೆ: ರೋಗಿಗೆ ತಿಳಿಹೇಳಲಾಗಿದೆ.
ಯಾರು ಯಾರಿಗೆ ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಈಗ ಸೋಮವಾರ ಸೋಮವಾರ, ಟೀ ಬರುವ ಮೊದಲು,
ನನ್ನ ಸ್ವಂತ ಫೋನಿನಿಂದ ಅವರಿಗೊಂದು ಮಿಸ್ಡ್ ಕಾಲ್.
ಮೂರು ಸಲ ಹೊಡೆಸಿ ಕತ್ತರಿಸುತ್ತೇನೆ.
ಅವರು ಎತ್ತುವುದಿಲ್ಲ, ಎತ್ತಬಾರದು.
ಉಳಿದ ನೂರಾ ಹದಿನೈದು ಮಂದಿಗೆ ಇದು ಗೊತ್ತಿಲ್ಲ,
ಗೊತ್ತಾದರೆ ನನಗೆ ಬೆಳಗು ಸಾಲದು.

ಮೊನ್ನೆ ಮಗುವಿಗೆ ಜ್ವರ, ಬಸ್ಸು ತಪ್ಪಿ, ಮರೆತೆ.
ಮಂಗಳವಾರ ಎಂಟೂಕಾಲಿಗೆ ಪರದೆ ತೆರೆದರೆ
ಎಲ್ಲ ಹಸಿರು,
ಚಾಂಪಿಯನ್ ರೀಫ್ ಬೂದು.